ಕಡಲೇ ಅಗೆದು ಕೊಡುವ ನಿಧಿ

ನಂಬಲಾದೀತೇ? ಬಿರುಗಾಳಿ ಹಾದುಹೋದ ಮರುದಿನ ಫ್ಲಾರಿಡಾದ ಪೂರ್ವ ತೀರದಲ್ಲಿ ಸುಮ್ಮನೆ ನಡೆಯುತ್ತಿದ್ದವರಿಗೆ ಮುನ್ನೂರು ವರ್ಷ ಹಳೆಯ ಸ್ಪೇನಿನ ಬೆಳ್ಳಿ ನಾಣ್ಯ ಸಿಕ್ಕಿದ್ದುಂಟು! ಅಗೆದವರು ಯಾರು? ಕಡಲು!

1715ರ ಜುಲೈ 24. ಚಿನ್ನ, ಬೆಳ್ಳಿ ಹೊತ್ತ 12 ಹಡಗುಗಳು ಹವಾನಾದಿಂದ ಸ್ಪೇನಿನತ್ತ ಹೊರಟವು. ವಾರ ಕಳೆಯುವಷ್ಟರಲ್ಲಿ ಫ್ಲಾರಿಡಾದ ಈ ತೀರದ ಬಳಿ ಚಂಡಮಾರುತ ಎರಗಿ 11 ಹಡಗುಗಳನ್ನು ನುಂಗಿತು. ಫ್ರೆಂಚರ ಗ್ರಿಫಾನ್ ಒಂದೇ ಪಾರಾಯಿತು. ಎರಡು ಶತಮಾನಗಳಾಚೆ, ಅಲ್ಲಿನ ಸೆಬಾಸ್ಟಿಯನ್ ಊರಿನ ಕಟ್ಟಡ ಗುತ್ತಿಗೆದಾರ ಕಿಪ್ ವ್ಯಾಗ್ನರ್ ಅದೇ ತೀರದಲ್ಲಿ ನಾಣ್ಯ ಹೆಕ್ಕತೊಡಗಿದರು. ಇಸವಿಗಳನ್ನು ನೋಡುತ್ತಾ ಹೋದರೆ 1715ರ ಈಚಿನದು ಒಂದೂ ಇಲ್ಲ! ಮುಳುಗಿದ ಹಡಗುಗಳ ಗುರುತು ಹಿಡಿಯಲು ಅಷ್ಟೇ ಸಾಕಾಯಿತು.

ಹಾಗಾದರೆ ಕಡಲು ಯಾವಾಗ ಕೊಡುತ್ತದೆ? ಕೈಗಡಿಯಾರ ನೋಡಿ, ಒಂದು ತೆರೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. ದೂರದಿಂದ ಬರುವ ತಗ್ಗಿನ ತೆರೆಗಳ ನಡುವೆ ಹತ್ತು ಸೆಕೆಂಡಿಗೂ ಹೆಚ್ಚು ಬಿಡುವಿರುತ್ತದೆ. ಅವು ಮರಳನ್ನು ದಡಕ್ಕೆ ತಂದು ಪೇರಿಸುತ್ತವೆ, ನಿಧಿ ಇನ್ನೂ ಆಳಕ್ಕೆ ಹೂತುಹೋಗುತ್ತದೆ. ಹತ್ತಿರದ ಬಿರುಗಾಳಿ ಎಬ್ಬಿಸಿದ ಕಡಿದಾದ ತೆರೆಗಳು ಮಾತ್ರ ಒಂದರ ಬೆನ್ನಿಗೊಂದು ಬಡಿದು ಮರಳನ್ನು ಕಿತ್ತು ಒಳಗೆಳೆಯುತ್ತವೆ. ಚಳಿಗಾಲದ ಈಶಾನ್ಯ ಮಾರುತಕ್ಕೆ ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ದೊಡ್ಡ ಉಬ್ಬರವೂ ಜೊತೆಯಾಯಿತೋ, ಮರಳ ದಿಬ್ಬ ಗೋಡೆಯಂತೆ ಕತ್ತರಿಸಿ ನಿಲ್ಲುತ್ತದೆ. ಊರವರಿಗೆ ಕಡಲ್ಕೊರೆತ, ನಿಧಿ ಹುಡುಕುವವರಿಗೆ ಸುಗ್ಗಿ!

ಇದಕ್ಕಿಂತಲೂ ಬೆರಗಿನದು ಮುಂದಿದೆ. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ತೆರೆ ಹಗುರವಾದದ್ದನ್ನು ಒಯ್ದು ಭಾರವಾದದ್ದನ್ನು ಬಿಡುತ್ತದೆ. ಮರಳಿನ ಸಾಂದ್ರತೆ ನೀರಿನ 2.65 ಪಟ್ಟು, ಬೆಳ್ಳಿಯದು 10.5, ಚಿನ್ನದ್ದು 19.3! ಭಾರದ ಲೋಹ ಇಳಿಯುತ್ತಾ ಇಳಿಯುತ್ತಾ ಜೇಡಿಯೋ ಬಂಡೆಯೋ ಸಿಕ್ಕಲ್ಲಿ ತಂಗುತ್ತದೆ. ಆದ್ದರಿಂದ ಇಳಿತದ ಹೊತ್ತಿಗೆ ಹೋಗಿ ಮೊದಲು ಕಣ್ಣಾಡಿಸಿ: ಕಪ್ಪು ಮರಳಿನ ಪಟ್ಟೆಯಿದೆಯೇ? ಚಿಪ್ಪು, ನೊರಜುಗಲ್ಲು ಒಂದೆಡೆ ಕೂಡಿವೆಯೇ? ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಿಕ್ಕರಂತೂ ಅಲ್ಲೇ ನಿಲ್ಲಿ! ಸೀಸದ ಸಾಂದ್ರತೆ 11.3, ಬೆಳ್ಳಿಗೆ ತೀರ ಹತ್ತಿರ. ನಿನ್ನೆ ಮೊನ್ನೆ ಯಾರದೋ ಗಾಳದಿಂದ ಕಳಚಿದ ಗುಂಡನ್ನೂ ರಾಜರ ಕಾಲದ ನಾಣ್ಯವನ್ನೂ ಕಡಲು ಒಂದೇ ಸಾಲಿನಲ್ಲಿ ಕೂರಿಸಬಲ್ಲದು!

ಮೆಟಲ್ ಡಿಟೆಕ್ಟರ್‌ನ ಸರದಿ ಆಮೇಲೆ. ಉಪ್ಪುನೀರಲ್ಲಿ ನೆನೆದ ಮರಳಲ್ಲಿ ವಿದ್ಯುತ್ ಹರಿಯುವುದರಿಂದ ಸಾಮಾನ್ಯ ಯಂತ್ರ ಸುಳ್ಳು ಸದ್ದು ಮಾಡುತ್ತದೆ; ಅಲ್ಲಿ ಪಲ್ಸ್ ಇಂಡಕ್ಷನ್ ಯಂತ್ರ ಒಳ್ಳೆಯದು. ಕಪ್ಪಗೆ ಕಿಲುಬು ಹಿಡಿದು ಕಲ್ಲಿನ ಚೂರಿನಂತೆ ಕಂಡದ್ದನ್ನು ಎಸೆಯಬೇಡಿ, ಉಪ್ಪುನೀರಲ್ಲಿ ಬೆಳ್ಳಿ ಹಾಗೇ ಆಗುತ್ತದೆ. ಚಿನ್ನಕ್ಕೆ ಮಾತ್ರ ಮಾಸುವುದೇ ಗೊತ್ತಿಲ್ಲ!

ಆ 11 ಹಡಗುಗಳಲ್ಲಿ ಕೆಲವು ಎಲ್ಲಿವೆಯೆಂದು ಇಂದಿಗೂ ಪತ್ತೆಯಾಗಿಲ್ಲ. ನೀರಿನಡಿಯ ಅವಶೇಷಗಳನ್ನು ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ಆದರೆ ಗಾಳಿಯ ದಿಕ್ಕು, ತೆರೆಯ ಬಿಡುವು, ಉಬ್ಬರದ ವೇಳೆ, ಮರಳಿನ ಬಣ್ಣ ಓದಲು ಯಾರ ಅಪ್ಪಣೆಯೂ ಬೇಡ. ಅದನ್ನು ಕಲಿತವರಿಗೆ ಪ್ರತಿ ಬಿರುಗಾಳಿಯೂ ಹೊಸ ಪುಟ ತೆರೆಯುತ್ತದೆ!