ಗಣಕಜಾಲದಲ್ಲಿ ಕನ್ನಡದ ಅಕ್ಷರ

ದತ್ತಾಂಶ ಸಂವಹನ ಮತ್ತು ಗಣಕಜಾಲ ಎಂಬುದು ಗಣಕವಿಜ್ಞಾನದ ಪದವಿ ತರಗತಿಗಳಲ್ಲಿ ಬೋಧಿಸುವ ಒಂದು ಪ್ರಾಥಮಿಕ ವಿಷಯ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದರಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವೇ. ಆದರೆ ಕಾಸರಗೋಡಿನಲ್ಲಿ ಬರೆದ ಲೇಖನವನ್ನು ಅಕ್ಕಲಕೋಟೆಯಲ್ಲಿಯೋ ಮಡಕಶಿರಾದಲ್ಲಿಯೋ ಇರುವ ಕನ್ನಡಿಗರು ಓದಬೇಕಾದರೆ, ಅದು ಇಂದು ಸಾಗಿಹೋಗುವುದು ಬಹುಪಾಲು ಗಣಕಜಾಲದ ಮೂಲಕವೇ. ಹಾಗೆ ಸಾಗುವಾಗ ಜಾಲವು ಹೊತ್ತೊಯ್ಯುವುದು ಏನನ್ನು? ಕನ್ನಡವನ್ನೇ, ಅಥವಾ ಬೇರೆ ಯಾವುದನ್ನಾದರೂ? ಈ ಪ್ರಶ್ನೆಯನ್ನು ಹಿಡಿದು ಆ ಶಾಸ್ತ್ರದ ಮೂಲತತ್ತ್ವಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಯಾವುದೇ ಸಂವಹನಕ್ಕೆ ಐದು ಅಂಗಗಳು ಅವಶ್ಯ: ಕಳುಹಿಸುವವನು, ಪಡೆಯುವವನು, ಸಂದೇಶ, ಮಾಧ್ಯಮ ಮತ್ತು ಇಬ್ಬರೂ ಒಪ್ಪಿಕೊಂಡ ನಿಯಮಾವಳಿ. ಈ ನಿಯಮಾವಳಿಗೆ ಪ್ರೋಟೋಕಾಲ್ ಎಂದು ಹೆಸರು. 1948ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದಾಗ, ಸಂದೇಶದ ಅರ್ಥವನ್ನು ಎಂಜಿನಿಯರನ ಲೆಕ್ಕದಿಂದ ಹೊರಗಿರಿಸಿದನು. ಒಂದೆಡೆ ಆಯ್ದ ಸಂಕೇತಗಳನ್ನು ಇನ್ನೊಂದೆಡೆ ಯಥಾವತ್ತಾಗಿ ಮರಳಿ ಪಡೆಯುವುದಷ್ಟೇ ಅಲ್ಲಿನ ಸಮಸ್ಯೆ. ಆದುದರಿಂದ ಜಾಲಕ್ಕೆ ಕನ್ನಡ, ಮಲಯಾಳ, ಮರಾಠಿ ಎಂಬ ಭೇದವಿಲ್ಲ. ಅದು ಬಲ್ಲುದು ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳನ್ನು. ಇಂತಹ ಒಂದು ಚಿಹ್ನೆಗೆ ಬಿಟ್ ಎಂದೂ ಎಂಟು ಬಿಟ್‌ಗಳ ಗುಂಪಿಗೆ ಬೈಟ್ ಎಂದೂ ಹೆಸರು.

ಹಾಗಾದರೆ ಅಕ್ಷರವು ಬಿಟ್ ಆಗುವುದು ಹೇಗೆ? 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರಕಿತು. ಅದರಲ್ಲಿ ಪ್ರತಿಯೊಂದು ಸ್ವರಕ್ಕೂ ವ್ಯಂಜನಕ್ಕೂ ಗುಣಿತಚಿಹ್ನೆಗೂ ಒಂದೊಂದು ಸಂಖ್ಯೆ ಗೊತ್ತಾಗಿದೆ. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಗಣಕವು ಎಣಿಸುವ ಸಂಕೇತಗಳು ಐದು: ಕ, ನ, ವಿರಾಮಚಿಹ್ನೆ, ನ, ಡ. ಒತ್ತಕ್ಷರವನ್ನು ವ್ಯಾಕರಣವು ಬಿಡಿಸಿ ತೋರಿಸುವಂತೆಯೇ ಇಲ್ಲಿಯೂ ಬಿಡಿಸಲಾಗಿದೆ. ಜಾಲದಲ್ಲಿ ಪ್ರಚಲಿತವಾಗಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ಅಂದರೆ ಈ ಒಂದು ಪದವು 15 ಬೈಟ್ ಅಥವಾ 120 ಬಿಟ್ ಆಗಿ ಹೊರಡುತ್ತದೆ. ತಾಮ್ರದ ತಂತಿಯಲ್ಲಿ ಅದು ವಿದ್ಯುತ್ತಿನ ಏರಿಳಿತ. ನಿಸ್ತಂತು ಸಂಪರ್ಕದಲ್ಲಿ ರೇಡಿಯೋ ಅಲೆ. ಗಾಜಿನ ಎಳೆಯಲ್ಲಿ ಬೆಳಕಿನ ಮಿನುಗು. ಗಾಜಿನೊಳಗೆ ಬೆಳಕು ಕ್ಷಣಕ್ಕೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಚಲಿಸುವುದರಿಂದ, 600 ಕಿ.ಮೀ. ಉದ್ದದ ಎಳೆಯನ್ನು ದಾಟಲು ಅದಕ್ಕೆ ಬೇಕಾಗುವುದು ಒಂದು ಕ್ಷಣದ ಸಾವಿರದ ಮೂರು ಭಾಗ ಮಾತ್ರ.

ದಾರಿಯಲ್ಲಿ ಗದ್ದಲವುಂಟಾಗಿ ಒಂದು ಬಿಟ್ ತಿರುವುಮುರುವಾದರೆ ಏನಾಗುತ್ತದೆ? ‘ಕ’ ಎಂಬ ಸಂಕೇತದ ಕೊನೆಯ ಬೈಟು 10010101. ಇದರ ಕೊನೆಯಿಂದ ಎರಡನೆಯ ಬಿಟ್ ಸೊನ್ನೆಯಿಂದ ಒಂದಕ್ಕೆ ಬದಲಾದರೆ 10010111 ಆಗುತ್ತದೆ, ಅದು ‘ಗ’. ಒಂದೇ ಒಂದು ಬಿಟ್ ಕೆಟ್ಟು ‘ಕುರಿ’ಯು ‘ಗುರಿ’ಯಾಗಿಬಿಡುತ್ತದೆ. ಎರಡೂ ಕನ್ನಡದ ಪದಗಳೇ ಆಗಿರುವುದರಿಂದ ಓದುಗನಿಗೆ ಅನುಮಾನವೂ ಬಾರದಿರಬಹುದು.

ಇಂತಹ ತೊಡಕು ಗ್ರಂಥಸಂಪಾದನೆಯನ್ನು ಅಭ್ಯಸಿಸಿದವರಿಗೆ ಹೊಸದಲ್ಲ. ಓಲೆಗರಿಯ ಪ್ರತಿಕಾರನು ಅಕ್ಷರವೊಂದನ್ನು ಬಿಟ್ಟಾಗ ಸಂಪಾದಕನು ಅದನ್ನು ಪತ್ತೆಹಚ್ಚುವುದು ಛಂದಸ್ಸಿನ ನೆರವಿನಿಂದ. ಭಾಮಿನೀ ಷಟ್ಪದಿಯ ಮೊದಲ ಸಾಲಿನಲ್ಲಿ 14 ಮಾತ್ರೆಗಳಿರಬೇಕು. 13 ಬಂದರೆ ಪಾಠವು ಕೆಟ್ಟಿದೆಯೆಂದು ಅರ್ಥ. ಮಾತ್ರೆಯ ಲೆಕ್ಕ ಸರಿಯಿದ್ದರೂ ಆದಿಪ್ರಾಸ ತಪ್ಪಿದರೆ ಅದು ಮತ್ತೊಂದು ಸುಳಿವು. ಗಣಕಜಾಲದ ದೋಷಪತ್ತೆಯೂ ಇದೇ ಬಗೆಯದು. ಪ್ಯಾರಿಟಿ ಎಂಬ ಸರಳ ಕ್ರಮದಲ್ಲಿ, ಒಂದು ಎಂಬ ಅಂಕೆಗಳ ಮೊತ್ತವು ಯಾವಾಗಲೂ ಸಮಸಂಖ್ಯೆಯಾಗುವಂತೆ ಒಂದು ಹೆಚ್ಚಿನ ಬಿಟ್ಟನ್ನು ಸೇರಿಸುತ್ತಾರೆ. 10010101ರಲ್ಲಿ ಒಂದುಗಳು ನಾಲ್ಕು. ಆದ್ದರಿಂದ ಸೇರಿಸುವ ಬಿಟ್ ಸೊನ್ನೆ. ಮೇಲೆ ಹೇಳಿದಂತೆ ‘ಗ’ ಆಗಿ ಕೆಟ್ಟರೆ ಒಂದುಗಳು ಐದಾಗಿ, ಪಡೆದ ಗಣಕವು ದೋಷವನ್ನು ಕೂಡಲೇ ಅರಿಯುತ್ತದೆ. ಆದರೆ ಕೊನೆಯ ಎರಡು ಬಿಟ್‌ಗಳು ಒಟ್ಟಿಗೆ ಕೆಟ್ಟು 10010110 ಆದರೆ, ಅಂದರೆ ‘ಕ’ವು ‘ಖ’ ಆದರೆ, ಮೊತ್ತವು ನಾಲ್ಕಾಗಿಯೇ ಉಳಿಯುತ್ತದೆ. ಮಾತ್ರೆ ಕೆಡದಂತೆ ಪದವನ್ನು ಬದಲಿಸಿದ ಪ್ರತಿಕಾರನ ತಪ್ಪು ಛಂದಸ್ಸಿಗೆ ಸಿಕ್ಕದಂತೆ, ಇದೂ ಪ್ಯಾರಿಟಿಗೆ ಸಿಕ್ಕದು. ಆದ ಕಾರಣ ಈಥರ್‌ನೆಟ್ ಮೊದಲಾದ ಜಾಲಗಳು 32 ಬಿಟ್‌ಗಳ ಇನ್ನೂ ಬಿಗಿಯಾದ ತಾಳೆಯನ್ನು ಬಳಸುತ್ತವೆ.

ಇನ್ನು ಸಾಗಣೆಯ ಕ್ರಮ. ದೂರವಾಣಿಯ ಹಳೆಯ ಪದ್ಧತಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಒಂದು ಮಾರ್ಗವು ಅವರಿಗೇ ಮೀಸಲಾಗಿರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಪರಸ್ಪರ ಸ್ವತಂತ್ರವಾಗಿ ಬೇರೊಂದು ಹಾದಿಯನ್ನು ಸೂಚಿಸಿದರು: ಸಂದೇಶವನ್ನು ಸಣ್ಣ ತುಂಡುಗಳಾಗಿ ಒಡೆದು, ಪ್ರತಿಯೊಂದರ ಮೇಲೆಯೂ ವಿಳಾಸ ಬರೆದು, ತೆರವಿರುವ ಮಾರ್ಗದಲ್ಲಿ ಕಳುಹಿಸುವುದು. ಆ ತುಂಡಿಗೆ ಪ್ಯಾಕೆಟ್ ಎಂಬ ಹೆಸರಿತ್ತವನು ಡೇವಿಸ್. ಈ ತತ್ತ್ವದ ಮೇಲೆ ಕಟ್ಟಿದ ಅರ್ಪಾನೆಟ್ ಎಂಬ ಜಾಲದಲ್ಲಿ 1969ರ ಅಕ್ಟೋಬರ್ 29ರಂದು ಮೊದಲ ಸಂದೇಶ ಹೋಯಿತು. ಲಾಗಿನ್ ಎಂಬ ಪದದ ಎಲ್, ಓ ಎಂಬ ಮೊದಲ ಎರಡು ಅಕ್ಷರಗಳು ತಲುಪುವಷ್ಟರಲ್ಲಿ ವ್ಯವಸ್ಥೆ ಕುಸಿಯಿತು.

ಸಾಮಾನ್ಯ ಈಥರ್‌ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ಗಳವರೆಗೆ ಇರಬಹುದು. ವಿಳಾಸ, ಕ್ರಮಸಂಖ್ಯೆ ಮುಂತಾದ ತಲೆಬರಹಕ್ಕೆ ಸಾಮಾನ್ಯವಾಗಿ 40 ಬೈಟ್‌ಗಳು ಹೋಗಿ, ವಿಷಯಕ್ಕೆ ಉಳಿಯುವುದು 1460. ಎಂದರೆ ಕನ್ನಡದ 486 ಸಂಕೇತಗಳು. ಇಪ್ಪತ್ತು ಸಾವಿರ ಸಂಕೇತಗಳ ಒಂದು ಪ್ರಬಂಧವು 42 ಪ್ಯಾಕೆಟ್‌ಗಳಾಗಿ ಹೊರಡುತ್ತದೆ. ದಾರಿಯ ಕವಲುಗಳಲ್ಲಿರುವ ರೂಟರ್ ಎಂಬ ಯಂತ್ರಗಳು ವಿಳಾಸವನ್ನಷ್ಟೇ ಓದಿ ಮುಂದಕ್ಕೆ ಕಳುಹಿಸುತ್ತವೆ. ಹನ್ನೆರಡನೆಯದು ಹನ್ನೊಂದನೆಯದಕ್ಕಿಂತ ಮೊದಲು ತಲುಪಬಹುದು, ಕೆಲವು ಕಳೆದೂಹೋಗಬಹುದು. ಅವನ್ನು ಕ್ರಮಕ್ಕೆ ತಂದು, ಬಾರದುದನ್ನು ಮತ್ತೆ ತರಿಸುವುದು ಟಿಸಿಪಿ ಎಂಬ ನಿಯಮಾವಳಿಯ ಕೆಲಸ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಇದರ ರೂಪರೇಖೆಯನ್ನು ಪ್ರಕಟಿಸಿದರು. ಈ ಕೆಲಸ ನಡೆಯುವುದು ರೂಟರ್‌ಗಳಲ್ಲಲ್ಲ, ಎರಡು ತುದಿಗಳ ಗಣಕಗಳಲ್ಲಿ ಎಂಬುದನ್ನು ಗಮನಿಸಬೇಕು.

ಇಷ್ಟೆಲ್ಲವನ್ನೂ ಪದರಗಳಾಗಿ ವಿಂಗಡಿಸಿ ಬೋಧಿಸುವುದು ವಾಡಿಕೆ. 1984ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಪ್ರಕಟಿಸಿದ ಮಾದರಿಯಲ್ಲಿ ಏಳು ಪದರಗಳಿವೆ. ತಳದಲ್ಲಿ ತಂತಿ ಮತ್ತು ಬೆಳಕಿನ ಭೌತಿಕ ಪದರ. ಅದರ ಮೇಲೆ ದೋಷವನ್ನು ಪತ್ತೆಹಚ್ಚುವ ಕೊಂಡಿ ಪದರ. ಆಮೇಲೆ ಮಾರ್ಗವನ್ನು ಆಯುವ ಜಾಲ ಪದರ, ಪ್ಯಾಕೆಟ್‌ಗಳನ್ನು ಕ್ರಮಗೊಳಿಸುವ ಸಾಗಣೆ ಪದರ, ಸಂಭಾಷಣೆಯನ್ನು ನಿಯಂತ್ರಿಸುವ ಪದರ. ಆರನೆಯದು ಪ್ರಸ್ತುತಿ ಪದರ. ಏಳನೆಯದು ಬಳಕೆದಾರನಿಗೆ ಕಾಣುವ ಅನ್ವಯ ಪದರ. ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವು ಈ ಆರನೆಯದಕ್ಕೆ ಸೇರಿದುದು. ಆದರೆ ನಾವು ನಿತ್ಯ ಬಳಸುವ ಇಂಟರ್‌ನೆಟ್ಟಿನಲ್ಲಿ ಅಂತಹ ಪ್ರತ್ಯೇಕ ಪದರವಿಲ್ಲ. ಆ ಹೊಣೆಯು ತುದಿಗಳಲ್ಲಿರುವ ತಂತ್ರಾಂಶಗಳ ಮೇಲೂ ಅವನ್ನು ಬಳಸುವವರ ಮೇಲೂ ಬಿದ್ದಿದೆ.

ಕನ್ನಡಕ್ಕೆ ಒದಗುವ ತೊಂದರೆ ಇರುವುದು ಇಲ್ಲಿಯೇ. ಯೂನಿಕೋಡ್ ಬಳಕೆಗೆ ಬರುವ ಮುನ್ನ ರೂಪುಗೊಂಡ ಫಾಂಟುಗಳು ರೋಮನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿದ್ದವು. ಅವುಗಳಲ್ಲಿ ಬೆರಳಚ್ಚಾದ ಕಡತವನ್ನು ಕಳುಹಿಸಿದರೆ ಜಾಲವು ಒಂದು ಬಿಟ್ಟೂ ಕೆಡದಂತೆ ತಲುಪಿಸುತ್ತದೆ, ತಾಳೆಗಳೆಲ್ಲವೂ ಸರಿಯಾಗಿರುತ್ತವೆ. ಆದರೂ ಆ ಫಾಂಟ್ ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದದ ನಡುವೆ ಪೌಂಡ್ ನಾಣ್ಯದ ಚಿಹ್ನೆಯೂ ಸುತ್ತ ಯೂರೋಪಿನ ಅಕ್ಷರಗಳೂ ಕಾಣಿಸಿಕೊಳ್ಳುತ್ತವೆ. ಕರ್ನಾಟಕದೊಳಗಿನ ಕಚೇರಿಗಳಲ್ಲಿ ಆ ಫಾಂಟ್ ಇದ್ದೀತು. ಮಲಯಾಳ, ತಮಿಳು, ತೆಲುಗು, ಮರಾಠಿಗಳಲ್ಲಿ ವ್ಯವಹರಿಸುವ ನಮ್ಮ ಸುತ್ತಲಿನ ಕಚೇರಿಗಳಲ್ಲಿ ಅದನ್ನು ನಿರೀಕ್ಷಿಸಲಾಗದು. ಬರಹವನ್ನು ಚಿತ್ರವಾಗಿ ಕಳುಹಿಸಿದರೆ ಓದಲು ಬರುತ್ತದೆ ನಿಜ. ಆದರೆ ಅಲ್ಲಿ ಸಾಗುವುದು ಬಣ್ಣದ ಚುಕ್ಕೆಗಳ ಲೆಕ್ಕವೇ ಹೊರತು ಅಕ್ಷರವಲ್ಲ. ಅದರೊಳಗಿನ ಪದವೊಂದನ್ನು ಸುಲಭವಾಗಿ ಹುಡುಕಲಾಗದು, ತಿದ್ದಲಾಗದು.

ಆದುದರಿಂದ ಕನ್ನಡದ ವಿದ್ಯಾರ್ಥಿಗಳ ಪಾಲಿಗೆ ಒಂದು ಕೆಲಸವಿದೆ. ಹೊಸ ಬರಹವೆಲ್ಲವನ್ನೂ ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು ಅದರ ಮೊದಲ ಹೆಜ್ಜೆ. ಹಳೆಯ ಫಾಂಟುಗಳಲ್ಲಿ ಉಳಿದಿರುವ ಊರಿನ ಸ್ಮರಣಸಂಚಿಕೆ, ಸಂಘದ ವರದಿ, ಜನಪದ ಗೀತೆಗಳ ಸಂಗ್ರಹ ಮುಂತಾದವನ್ನು ಪರಿವರ್ತಕ ತಂತ್ರಾಂಶದಿಂದ ಬದಲಾಯಿಸಿ, ಮೂಲದೊಡನೆ ಸಾಲುಸಾಲಾಗಿ ತಾಳೆನೋಡುವುದು ಎರಡನೆಯದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತು ಮತ್ತು ದೀರ್ಘಚಿಹ್ನೆಗಳು ತಪ್ಪುವ ಸಂಭವವಿದೆ. ಅವನ್ನು ಹಿಡಿಯಲು ಕನ್ನಡ ಬಲ್ಲ ಕಣ್ಣೇ ಬೇಕು. ಬಿಟ್‌ಗಳನ್ನು ಕೆಡದಂತೆ ಒಯ್ಯುವುದನ್ನು ಎಂಜಿನಿಯರುಗಳು ಸಾಧಿಸಿಕೊಟ್ಟಿದ್ದಾರೆ. ಆ ಬಿಟ್‌ಗಳು ಎರಡೂ ತುದಿಗಳಲ್ಲಿ ಕನ್ನಡವಾಗಿಯೇ ಇರುವಂತೆ ನೋಡಿಕೊಳ್ಳುವುದು ಪಾಠಪರಿಷ್ಕರಣದ ಕೆಲಸ. ಅದು ನಮ್ಮ ಶಾಸ್ತ್ರಕ್ಕೆ ಸೇರಿದುದು.