ಹೃದಯ ಸ್ತಂಭನದ ನಂತರ ಮೆದುಳಿನ ರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಹೃದಯವು ರಕ್ತವನ್ನು ದೂಡುವ ಕಾರ್ಯವನ್ನು ಹಠಾತ್ತನೆ ನಿಲ್ಲಿಸುವುದನ್ನು ಹೃದಯ ಸ್ತಂಭನ ಎನ್ನಲಾಗುತ್ತದೆ. ಹೃದಯಾಘಾತವು ಇದಕ್ಕೆ ಒಂದು ಕಾರಣವಾಗಬಹುದಾದರೂ ಎರಡೂ ಒಂದೇ ಅಲ್ಲ. ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿರುವ ಮೆದುಳು, ದೇಹಕ್ಕೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ತಾನೇ ಬಳಸುತ್ತದೆ. ಅದನ್ನು ಕೂಡಿಟ್ಟುಕೊಳ್ಳಲು ಮೆದುಳಿಗೆ ಸಾಧ್ಯವಿಲ್ಲ. ಆದುದರಿಂದ ರಕ್ತ ಸಂಚಾರ ನಿಂತ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಶಾಶ್ವತ ಹಾನಿ ಆರಂಭವಾಗಬಹುದು.

ಹೀಗಾಗಿ ಮೆದುಳಿನ ರಕ್ಷಣೆಯು ಆಸ್ಪತ್ರೆಯಲ್ಲಿ ಅಲ್ಲ, ವ್ಯಕ್ತಿಯು ಕುಸಿದ ಸ್ಥಳದಲ್ಲಿಯೇ ಆರಂಭವಾಗತಕ್ಕದ್ದು. ಸಮೀಪದಲ್ಲಿರುವವರು 108ಕ್ಕೆ ಕರೆ ಮಾಡಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು.

ಹೃದಯ ಬಡಿತ ಮರಳಿದೊಡನೆ ಅಪಾಯ ಕಳೆಯಿತೆಂದು ಸಂಬಂಧಿಕರು ಭಾವಿಸುವುದು ಸಹಜ. ಆದರೆ ರಕ್ತವು ಮರಳಿ ಹರಿಯತೊಡಗಿದಾಗ, ಈಗಾಗಲೇ ಬಳಲಿದ ಜೀವಕೋಶಗಳಲ್ಲಿ ಹಾನಿಕಾರಕ ರಾಸಾಯನಿಕಗಳು ಉತ್ಪತ್ತಿಯಾಗಿ, ಬಾವು ಉಂಟಾಗಿ, ಗಂಟೆಗಳಿಂದ ದಿನಗಳವರೆಗೆ ಹಾನಿ ಮುಂದುವರಿಯಬಹುದು. ಜ್ವರವು ಮೆದುಳಿನ ಆಮ್ಲಜನಕದ ಅಗತ್ಯವನ್ನು ಹೆಚ್ಚಿಸುವುದರಿಂದ ಈ ಅವಧಿಯಲ್ಲಿ ಅದು ವಿಶೇಷವಾಗಿ ಅಪಾಯಕರ.

ದೇಹವನ್ನು ತಂಪಾಗಿಸುವ ಚಿಕಿತ್ಸೆಯ ಕುರಿತು ಸಾರ್ವಜನಿಕರಲ್ಲಿ ಗೊಂದಲವಿದೆ. 2002ರಲ್ಲಿ ಯೂರೋಪ್ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆದ ಎರಡು ಅಧ್ಯಯನಗಳ ಫಲಿತಾಂಶ ಪ್ರಕಟವಾಯಿತು. ಯೂರೋಪಿನ ಅಧ್ಯಯನದಲ್ಲಿ 32ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಲಾದ ರೋಗಿಗಳಲ್ಲಿ ಶೇ. 55ರಷ್ಟು ಮಂದಿ ಮೆದುಳಿನ ಉತ್ತಮ ಸ್ಥಿತಿಯಲ್ಲಿ ಚೇತರಿಸಿಕೊಂಡರು. ಇತರರಲ್ಲಿ ಈ ಪ್ರಮಾಣ ಶೇ. 39. ಆ ಬಳಿಕ ಈ ಚಿಕಿತ್ಸೆ ಅನೇಕ ದೇಶಗಳಲ್ಲಿ ರೂಢಿಗೆ ಬಂದಿತು. ಆದರೆ 2013ರ ದೊಡ್ಡ ಅಧ್ಯಯನದಲ್ಲಿ 33 ಮತ್ತು 36 ಡಿಗ್ರಿಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. 2021ರಲ್ಲಿ ಸುಮಾರು 1,900 ರೋಗಿಗಳ ಅಧ್ಯಯನವು, 33 ಡಿಗ್ರಿಗೆ ತಂಪಾಗಿಸುವುದಕ್ಕೂ ಕೇವಲ ಜ್ವರ ಬಾರದಂತೆ ನೋಡಿಕೊಳ್ಳುವುದಕ್ಕೂ ಆರು ತಿಂಗಳ ಫಲಿತಾಂಶದಲ್ಲಿ ಅಂತರವಿಲ್ಲವೆಂದು ತೋರಿಸಿತು. ಆದುದರಿಂದ ತಂಪಾಗಿಸುವ ಚಿಕಿತ್ಸೆ ನೀಡಲಿಲ್ಲವೆಂಬ ಒಂದೇ ಕಾರಣಕ್ಕೆ ಲೋಪವಾಗಿದೆಯೆಂದು ತಿಳಿಯುವುದು ಸರಿಯಲ್ಲ. ಜ್ವರವನ್ನು ಗಮನಿಸದೆ ಬಿಡುವುದು ಮಾತ್ರ ಲೋಪವೇ. ರೋಗಿಯ ಮೈ ತಣ್ಣಗಿದೆಯೆಂದು ಶುಶ್ರೂಷಕರನ್ನು ಕೇಳದೆ ಕಂಬಳಿ ಹೊದಿಸಬಾರದು.

ತೀವ್ರ ನಿಗಾ ಘಟಕದಲ್ಲಿ ರಕ್ತದೊತ್ತಡ, ಆಮ್ಲಜನಕ ಹಾಗೂ ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡಲಾಗುತ್ತದೆ. ಆಮ್ಲಜನಕ ಅತಿಯಾದರೂ ಹಾನಿಯೇ. ಸೆಳವು ಕಂಡುಬಂದಲ್ಲಿ ಇ.ಇ.ಜಿ. ಪರೀಕ್ಷೆ ನಡೆಸಿ ಔಷಧ ನೀಡಲಾಗುತ್ತದೆ.

ರೋಗಿಗೆ ಪ್ರಜ್ಞೆ ಮರಳುವುದೇ ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ದೊರೆಯುವುದಿಲ್ಲ. ಪ್ರಜ್ಞೆ ಬಾರದ ರೋಗಿಯ ವಿಷಯದಲ್ಲಿ, ಹೃದಯ ಬಡಿತ ಮರಳಿ ಕನಿಷ್ಠ 72 ಗಂಟೆಗಳು ಕಳೆದು, ನಿದ್ರಾಜನಕ ಔಷಧಗಳ ಪರಿಣಾಮ ಇಳಿದ ಮೇಲೆಯೇ ವೈದ್ಯರು ಅಭಿಪ್ರಾಯಕ್ಕೆ ಬರುವುದು ಉಚಿತ. ಕಣ್ಣಿನ ಪಾಪೆಯ ಪ್ರತಿಕ್ರಿಯೆ, ಇ.ಇ.ಜಿ., ಸ್ಕ್ಯಾನ್ ಮೊದಲಾದ ಹಲವು ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಬೇಕಾಗುತ್ತದೆ. ಯಾವುದೇ ಒಂದು ಪರೀಕ್ಷೆಯಿಂದ ತೀರ್ಮಾನಿಸಲಾಗದು. ತಡವಾಗಿ ಎಚ್ಚರಗೊಂಡು ಚೆನ್ನಾಗಿ ಚೇತರಿಸಿಕೊಂಡವರೂ ಉಂಟು. ಚಿಕಿತ್ಸೆಯನ್ನು ಮುಂದುವರಿಸುವ ಬಗ್ಗೆ ಅವಸರದಲ್ಲಿ ನಿರ್ಧರಿಸುವ ಮುನ್ನ ಈ ಕಾಲಾವಧಿಯ ಕುರಿತು ವೈದ್ಯರನ್ನು ಕೇಳುವ ಹಕ್ಕು ಕುಟುಂಬದವರಿಗಿದೆ.

ರೋಗಿಯು ಕುಸಿದ ಸಮಯ, ಎದೆ ಒತ್ತಲು ಆರಂಭಿಸಿದ ಸಮಯ ಹಾಗೂ ಸೇವಿಸುತ್ತಿದ್ದ ಔಷಧಗಳ ವಿವರಗಳನ್ನು ಬರೆದು ವೈದ್ಯರಿಗೆ ನೀಡಲು ಕೋರಲಾಗಿದೆ. ಮನೆಗೆ ಮರಳಿದ ನಂತರ ಮರೆವು, ಆಯಾಸ ಅಥವಾ ಖಿನ್ನತೆ ಕಂಡುಬಂದಲ್ಲಿ ಮರುಭೇಟಿಯ ಸಂದರ್ಭದಲ್ಲಿ ತಪ್ಪದೇ ತಿಳಿಸತಕ್ಕದ್ದು.