ಹೊಳೆಯ ಮೇಲಿಂದ ಕಾಣುವ ಕಾಡು

ರಿಪ್ಪನ್‌ಪೇಟೆಯ ವಿನಾಯಕ ವೃತ್ತದಿಂದ ನಾಲ್ಕು ದಿಕ್ಕಿಗೆ ಹೊರಡುವ ರಸ್ತೆಗಳಲ್ಲಿ ಯಾವುದನ್ನು ಹಿಡಿದು ಹೊರಟರೂ ಪಯಣಿಗನು ಕೊನೆಗೆ ಒಂದಲ್ಲ ಒಂದು ಹೊಳೆಯ ದಡವನ್ನೇ ಸೇರುವನು. ಹುಂಚದ ಕಡೆ ಬಿಲ್ಲೇಶ್ವರದಲ್ಲಿ ಉದಿಸುವ ಕುಮುದ್ವತಿಯು ಶಿಕಾರಿಪುರದ ಸೀಮೆಯನ್ನು ಹಾದು ತುಂಗಭದ್ರೆಯಲ್ಲಿ ಲೀನವಾದರೆ, ಹರಿದ್ರಾವತಿಯು ಪಡುವಣಕ್ಕೆ ತಿರುಗಿ ಶರಾವತಿಯನ್ನು ಅರಸಿ ಹೋಗುವುದು. ಆದುದರಿಂದ ಈ ಸೀಮೆಯಲ್ಲಿ ಸುರಿದ ಮಳೆಯು, ಬಿದ್ದ ಇಳಿಜಾರಿಗೆ ತಕ್ಕಂತೆ, ಒಂದು ಪಾಲು ಬಂಗಾಳ ಕೊಲ್ಲಿಗೂ ಇನ್ನೊಂದು ಪಾಲು ಅರಬ್ಬೀ ಸಮುದ್ರಕ್ಕೂ ಸಲ್ಲುತ್ತದೆ. ವನ್ಯಜೀವಿಗಳನ್ನು ಕಣ್ಣಾರೆ ಕಾಣಬೇಕೆಂಬ ಆಸೆಯುಳ್ಳವರಿಗೆ ಎರಡು ದಿಕ್ಕೂ ಫಲ ಕೊಡುವಂಥವೇ.

ಮಳೆಕಾಡಿನೊಳಗೆ ಕಾಲ್ನಡಿಗೆಯಲ್ಲಿ ಹೊಕ್ಕವರು ಬಹುಮಟ್ಟಿಗೆ ನಿರಾಶರಾಗಿಯೇ ಹಿಂದಿರುಗುತ್ತಾರೆ. ಬಿಸಿಲು ನೆಲಕ್ಕಿಳಿಯದ ಆ ಕಾನಿನಲ್ಲಿ ಹಣ್ಣು, ಹೂವು, ಚಿಗುರುಗಳೆಲ್ಲ ತಲೆಯ ಮೇಲೆ ಬಹುದೂರದಲ್ಲಿರುವುದರಿಂದ, ಅವನ್ನು ಉಂಡು ಬದುಕುವ ಜೀವಿಗಳ ಸಂಸಾರವೂ ಅಲ್ಲಿಯೇ ನಡೆಯುವುದು; ಕೆಳಗೆ ನಿಂತವನಿಗೆ ಕಾಣುವುದು ಬೊಡ್ಡೆಗಳು ಮತ್ತು ಜಿಗಣೆಗಳು ಮಾತ್ರ. ಹೊಳೆಯು ಈ ಕಾಡನ್ನು ಸೀಳಿಕೊಂಡು ಹರಿಯುವಲ್ಲಿ ಹಾಗಲ್ಲ. ಬೆಳಕಿನ ಆಸೆಯಿಂದ ಮರಗಳು ನೀರಿನತ್ತ ಬಾಗಿ, ನೆತ್ತಿಯಿಂದ ಬುಡದವರೆಗೂ ಎಲೆಯ ಪರದೆಯನ್ನು ಇಳಿಬಿಟ್ಟಿರುವುದರಿಂದ, ದೋಣಿಯಲ್ಲಿ ಕುಳಿತವನ ಕಣ್ಣಿಗೆ ಕಾಡಿನ ಅಷ್ಟೂ ಅಂತಸ್ತುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಅಂಥಲ್ಲಿ ಪ್ರಾಣಿಯನ್ನು ಹುಡುಕಬಾರದು, ಹಣ್ಣಾದ ಮರವನ್ನು ಹುಡುಕಬೇಕು. ಅತ್ತಿಯೊಂದು ಮೈತುಂಬ ಹಣ್ಣು ಬಿಟ್ಟು ನಿಂತಿದ್ದರೆ, ಮಂಗಟ್ಟೆ ಹಕ್ಕಿಯ ರೆಕ್ಕೆಯ ಭರಭರ ಸದ್ದು, ಕೆಂದಳಿಲಿನ ಚಟಚಟ ಕೂಗು, ಉದುರುವ ಸಿಪ್ಪೆಯ ಸಪ್ಪಳ, ಇವೆಲ್ಲವೂ ಕಣ್ಣಿಗಿಂತ ಮೊದಲು ಕಿವಿಗೆ ಸುದ್ದಿ ಮುಟ್ಟಿಸುವುವು.

ಹೊಸಬರು ಮೊದಲು ತುಂಗೆಯ ಕಡೆಗೆ, ತೀರ್ಥಹಳ್ಳಿ–ಶಿವಮೊಗ್ಗ ಹೆದ್ದಾರಿಯ ಮಗ್ಗುಲಲ್ಲಿರುವ ಮಂಡಗದ್ದೆಗೆ ಹೋಗುವುದು ಒಳ್ಳೆಯದು. ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿಯೇ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತಲ ಪ್ರವಾಹವೇ ಶತ್ರುಗಳಿಂದ ಮರಿಗಳನ್ನು ಕಾಯುವ ಕಂದಕವಾಗುವುದು. ಕೊಂಬೆಯ ತುದಿಯಲ್ಲಿ ರೆಕ್ಕೆಗಳೆರಡನ್ನೂ ಪೂರ್ತಿ ಬಿಚ್ಚಿ ಬಿಸಿಲಿಗೊಡ್ಡಿ ಕುಳಿತ ಹಾವಕ್ಕಿಯನ್ನು ಕಂಡವರು ಅದೇಕೆ ಹಾಗೆ ಕುಳಿತಿದೆಯೆಂದು ಕೇಳದಿರುವುದಿಲ್ಲ. ಬಾತುಕೋಳಿಯ ಗರಿಯಂತೆ ಇದರ ಗರಿ ನೀರನ್ನು ಜಾರಿಸದು. ತೊಯ್ದು ಭಾರವಾಗುವುದರಿಂದಲೇ ಅದು ಸುಲಭವಾಗಿ ಮುಳುಗಿ ಮೀನನ್ನು ತಿವಿಯಬಲ್ಲುದು, ಆಮೇಲೆ ಒಣಗಿಸಿಕೊಳ್ಳಲೇಬೇಕಾಗುವುದು.

ಶರಾವತಿಯ ಕಥೆ ಇಷ್ಟು ಸರಳವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ 128 ಕಿಲೋಮೀಟರು ಹರಿದು ಹೊನ್ನಾವರದಲ್ಲಿ ಕಡಲನ್ನು ಕೂಡುವ ಈ ಹೊಳೆಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಗದ್ದೆ, ತೋಟ, ಮನೆಗಳು ನೀರಿನಡಿಗೆ ಸಂದವು. ಆ ಮುಳುಗಡೆಯ ಸಂಕಟವನ್ನು ಸಾಗರದ ನಾ. ಡಿಸೋಜರು ಕಾದಂಬರಿಗಳಲ್ಲಿ ಕಾಪಿಟ್ಟಿದ್ದಾರೆ. ಜನರೊಡನೆ ಕಾಡೂ ಮುಳುಗಿತೆಂಬುದನ್ನು ನಾವು ಮರೆಯಬಾರದು. ಅಂದಿನ ಗುಡ್ಡದ ನೆತ್ತಿಗಳು ಇಂದಿನ ದ್ವೀಪಗಳು. ಕಳಸವಳ್ಳಿಗೆ 2025ರಲ್ಲಿ ಸೇತುವೆಯಾದ ಮೇಲೆ ಸಿಗಂದೂರಿನ ಯಾತ್ರಿಕರಿಗೆ ಲಾಂಚಿನ ಹಂಗಿಲ್ಲ. ಆದರೆ ಹಲ್ಕೆ–ಮುಪ್ಪಾನೆಯ ಲಾಂಚಿನಂಥ ಕಡವುಗಳಲ್ಲಿ ನಿಧಾನವಾಗಿ ಸಾಗುವಾಗ ದಡದ ಕಾಡನ್ನು ಓದುವ ಅವಕಾಶ ಇನ್ನೂ ಉಂಟು. ಬೇಸಗೆಯಲ್ಲಿ ನೀರು ಇಳಿದು ಕೆಂಪು ದಂಡೆ ಬಯಲಾದಾಗ, ಇಳಿಹೊತ್ತಿನಲ್ಲಿ ಕಾಟಿಗಳು ನೀರಿಗಿಳಿಯುವುದುಂಟು. ಕಾಡುಕುರಿಯು ಒಮ್ಮೆ ಬೊಗಳಿ ಮಾಯವಾಗುವುದು.

ನೀರುನಾಯಿಯನ್ನು ಕಾಣಬೇಕಾದರೆ ಹಿನ್ನೀರಿಗಿಂತ ಬಂಡೆಗಳ ನಡುವೆ ಹರಿಯುವ ಹಳ್ಳಗಳೇ ಮೇಲು. ಅದರ ಹಿಕ್ಕೆಯನ್ನು ಬಗ್ಗಿ ನೋಡಿ: ನೀರಿನಂಚಿನ ಎತ್ತರದ ಬಂಡೆಯ ಮೇಲೆ, ಮತ್ತೆಮತ್ತೆ ಅದೇ ಠಾವಿನಲ್ಲಿ ಹಾಕಿದ, ಮೀನಿನ ಘಾಟು ಹೊಡೆಯುವ ಗುಪ್ಪೆ, ಒಣಗಿದ್ದನ್ನು ಕಡ್ಡಿಯಿಂದ ಕೆದಕಿದರೆ ಹೊಳೆಯುವ ಹುರುಪೆಗಳೂ ಏಡಿಯ ಚಿಪ್ಪಿನ ಚೂರುಗಳೂ ಸಿಗುವುವು. ಚಿಪ್ಪೇ ಹೆಚ್ಚಾಗಿದ್ದರೆ ಅದು ಏಡಿಪ್ರಿಯವಾದ ಸಣ್ಣ ಜಾತಿಯದೆಂದು ಊಹಿಸಬಹುದು. ಹಸಿಯಾಗಿದ್ದರೆ ಅಲ್ಲೇ ಮರೆಯಲ್ಲಿ ಸದ್ದಿಲ್ಲದೆ ಕುಳಿತು ಕಾಯುವುದು ಲೇಸು.

ಆದರೂ ಈ ಕಣಿವೆಯ ಅರಸು ಸಿಂಗಳೀಕವೇ. ಕಪ್ಪು ಮೈ, ಮೋರೆಯ ಸುತ್ತ ಬೂದುಬಿಳಿಯ ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮಘಟ್ಟದ ಹೊರಗೆ ಜಗತ್ತಿನ ಮತ್ತಾವ ಕಾಡಿನಲ್ಲಿಯೂ ಇಲ್ಲದ ಈ ಕಪಿಯ ವಾಸದ ಬಡಗಣ ಅಂಚು ಶರಾವತಿ–ಅಘನಾಶಿನಿಗಳ ಸೀಮೆಯಲ್ಲಿದೆ. ಮುಸಿಯವು ಎಲೆಯನ್ನು ಉಂಡೂ ದಿನ ಕಳೆಯಬಲ್ಲುದು. ಸಿಂಗಳೀಕಕ್ಕಾದರೋ ವರ್ಷವಿಡೀ ಹಣ್ಣು ಬೇಕು, ನಡುನಡುವೆ ಹುಳುಹುಪ್ಪಟೆ ಬೇಕು. ಅತ್ತಿ ಮುಗಿದರೆ ಹೆಬ್ಬಲಸು, ಅದು ತೀರಿದರೆ ಉಪ್ಪಾಗೆ ಎಂದು ಮರದಿಂದ ಮರಕ್ಕೆ ಸರದಿ ನಡೆಯಬೇಕಾದರೆ ಹಲವು ಜಾತಿಯ ಮರಗಳುಳ್ಳ ಅಖಂಡವಾದ ಕಾನೇ ಬೇಕು. ನಾವು ಮೀನುಸಾರಿಗೆ ಹಾಕುವ ಉಪ್ಪಾಗೆಯ ಹಣ್ಣು ಅದಕ್ಕೂ ಆಹಾರವೆಂಬುದನ್ನು ಕೊಯ್ಲಿಗೆ ಹೋಗುವವರು ನೆನೆದು, ಮರದಲ್ಲಿ ಒಂದಿಷ್ಟನ್ನು ಉಳಿಸಿ ಬರಲೆಂದು ನನ್ನ ಪ್ರಾರ್ಥನೆ. ಹಿಂಡು ಕೆನ್ನೆಯ ಚೀಲಗಳನ್ನು ತುಂಬಿಕೊಂಡು, ಕೊಂಬೆಯಿಂದ ಕೊಂಬೆಗೆ, ನೆಲ ಮುಟ್ಟದೆಯೇ ಮುಂದೆ ಸಾಗುವುದು. ಹೆಣ್ಣು ಹೆರುವುದು ವರ್ಷಗಳ ಅಂತರದಲ್ಲಿ ಒಂದೊಂದೇ ಮರಿಯನ್ನು. ಕಳೆದುಹೋದ ಸಂತತಿ ಬೇಗನೆ ತುಂಬಿಬರುವುದಿಲ್ಲ.

1972ರಲ್ಲಿ ಘೋಷಿತವಾದ ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕದ ಹೆಸರನ್ನೇ ಇಟ್ಟುದು ಸಮಂಜಸವಾದ ಕಾರ್ಯ. ಅದೇ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಮತ್ತೆ ಇಳಿಸಿ 2000 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಯೊಂದನ್ನು ಈಗ ಮುಂದಿಡಲಾಗಿದೆ. ಸುರಂಗಗಳು ನೆಲದಡಿಯಲ್ಲಿ ಇರುವುವೆಂಬ ಸಮಾಧಾನ ನನಗೆ ಸಾಲದು; ಸುರಂಗಕ್ಕೆ ಯಂತ್ರಗಳು ಹೋಗುವ ರಸ್ತೆ ನೆಲದ ಮೇಲೆಯೇ ಆಗಬೇಕಷ್ಟೆ, ಆ ರಸ್ತೆಗಾಗಿ ಎರಡು ಬದಿಯ ಕೊಂಬೆಗಳು ಒಂದಕ್ಕೊಂದು ಎಟುಕದಷ್ಟು ಅಗಲಕ್ಕೆ ಮರಗಳನ್ನು ಕಡಿದರೆ, ಸಿಂಗಳೀಕದ ಹಿಂಡಿಗೆ ಆಚೆಯ ಅತ್ತಿಯ ಮರ ಇದ್ದೂ ಇಲ್ಲದಂತೆಯೇ. ಒಮ್ಮೆ ಮುಳುಗಡೆಯನ್ನು ಉಂಡ ಕಣಿವೆಯಲ್ಲಿ ಉಳಿದ ಕಾನನ್ನು ಹೀಗೆ ಸೀಳುವುದು ಬೇಡ. ಆ ಯೋಜನೆಯನ್ನು ಕೈಬಿಡಬೇಕು.